ಬಡ್ಜಿಯೋ ಬಜ್ಜಿಯೋ

ಮಗಳು ಎರಡು ಪುಟ್ಟ ಗಿಣಿಗಳಿದ್ದ ಪಂಜರ ಹಿಡಿದು ಒಳಗೆ ಬಂದಾಗ ಅಮ್ಮ ಹೂ ಕಟ್ಟುತ್ತಾ ಕೂತಿದ್ದರು. "ಅಜ್ಜಿ, ಬಡ್ಜಿ ತಂದೆ" ಅಂದಳು. ಅಮ್ಮನಿಗೆ ಈಚೆಗೆ ಕಿವಿ ಸ್ವಲ್ಪ ಮಂದ. "ಬಜ್ಜೀನ ಯಾರಾದರೂ ಪಂಜರದಲ್ಲಿ ತರ್ತಾರೇನೇ?" ಅಂದರು. ಹೀಗೆ ನೀಲಿಯದ್ದಕ್ಕೆ ಬಜ್ಜಿ ಎಂದು, ಹಸಿರಿನದ್ದಕ್ಕೆ ಬೋಂಡ ಎಂದು ಅರ್ಧ ಗಂಟೆಯೊಳಗೆ ನಾಮಕರಣ ಮುಗಿಯಿತು.

ಹೆಸರಿನ ಗೋಜಲು ಮಾತ್ರ ಮುಗಿಯಲಿಲ್ಲ. ಅಂಗಡಿಯವನು ಅವನ್ನು ಮಾರಿದ್ದು 'ಲವ್ ಬರ್ಡ್ಸ್' ಎಂದು. ನಮ್ಮ ಕಡೆ ಬಡ್ಜಿಗೆ ಚಾಲ್ತಿಯಲ್ಲಿರುವ ಹೆಸರೇ ಅದು. ಅಸಲಿ ಲವ್ ಬರ್ಡ್ ಆಫ್ರಿಕಾದ ಕಡೆಯದು. ಮೋಟು ಬಾಲ, ದಪ್ಪ ಕೊಕ್ಕು, ಬೇರೆಯೇ ಹಕ್ಕಿ. ಅಮೆರಿಕದಲ್ಲಿರುವ ತಮ್ಮನಿಗೆ ಫೋಟೋ ಕಳಿಸಿದರೆ ಅವನು "ಓ, ಪ್ಯಾರಾಕೀಟ್!" ಎಂದ. ಅಲ್ಲಿ ಬಡ್ಜಿಯನ್ನು ಹಾಗೇ ಕರೆಯುವುದಂತೆ. ತಪ್ಪೇನಲ್ಲ, ಆದರೆ ಬ್ಯಾಡಗಿಯನ್ನು ತೋರಿಸಿದರೆ "ಓ, ಮೆಣಸಿನಕಾಯಿ!" ಅಂದ ಹಾಗಾಯಿತು. ಸಣ್ಣ ಮೈ, ಉದ್ದ ಬಾಲದ ಗಿಣಿಗಳನ್ನೆಲ್ಲ ಇಂಗ್ಲಿಷಿನವರು ಒಂದೇ ಮೊರಕ್ಕೆ ಸುರಿದು ಪ್ಯಾರಾಕೀಟ್ ಎನ್ನುತ್ತಾರೆ. ನಮ್ಮ ಹಿತ್ತಲ ಸೀಬೆಯನ್ನು ಅರ್ಧ ಕಚ್ಚಿ ಉಳಿದದ್ದನ್ನು ಕೆಡವುವ, ಕೊರಳಲ್ಲಿ ಗುಲಾಬಿ ಪಟ್ಟಿಯ ಗಿಣಿಯೂ ಪ್ಯಾರಾಕೀಟೇ. ಹಾಗೆಂದು ಅದು ಬಡ್ಜಿಗೆ ಹತ್ತಿರದ ನೆಂಟನೂ ಅಲ್ಲ. ಬಡ್ಜಿಯ ಬಂಧುಗಳು ಹೂವಿನ ಮಕರಂದ ನೆಕ್ಕುವ ಲೋರಿ ಎಂಬ ಗಿಣಿಗಳು. ಇನಿಷಿಯಲ್ ಒಂದೇ ಆದ ಮಾತ್ರಕ್ಕೆ ದಾಯಾದಿಗಳಾಗುತ್ತಾರೆಯೇ?

ಬಡ್ಜಿಯ ಪೂರ್ತಿ ಹೆಸರು ಬಡ್ಜರಿಗಾರ್, ತವರು ಆಸ್ಟ್ರೇಲಿಯಾದ ಒಣ ಒಳನಾಡು. ಅಲ್ಲಿ ನೀರು, ಹುಲ್ಲಿನ ಬೀಜ ಎಲ್ಲಿವೆಯೋ ಅಲ್ಲಿಗೆ ಹಿಂಡುಹಿಂಡಾಗಿ ಅಲೆಯುವ ಹಕ್ಕಿ. ಜಾನ್ ಗೂಲ್ಡ್ ಎಂಬ ಪಕ್ಷಿತಜ್ಞ 1840ರಲ್ಲಿ ಜೀವಂತ ಬಡ್ಜಿಗಳನ್ನು ಇಂಗ್ಲೆಂಡಿಗೆ ತಂದ. ಕಾಡಿನ ಬಡ್ಜಿ ನಮ್ಮ ಬೋಂಡನ ಹಾಗೆ ಹಸಿರು-ಹಳದಿ. ಬಜ್ಜಿಯ ನೀಲಿ, ಸಾಕಿದವರ ಪಂಜರಗಳಲ್ಲಿ ಬೆಳೆದು ಬಂದದ್ದು. ಹಸಿರಿನಿಂದ ಹಳದಿಯನ್ನು ಕಳೆದರೆ ಉಳಿಯುವುದೇ ಆ ನೀಲಿ. ಇದನ್ನು ಅಮ್ಮನಿಗೆ ವಿವರಿಸಿದೆ. "ಒಗೆದು ಬಣ್ಣ ಬಿಟ್ಟಿದೆ ಅನ್ನು" ಎಂದರು.

ಅಮ್ಮನ ಲೆಕ್ಕದಲ್ಲಿ ಗಿಣಿ ಅಂದರೆ ಮೆಣಸಿನಕಾಯಿ ತಿನ್ನಬೇಕು, ರಾಮ ರಾಮ ಅನ್ನಬೇಕು. ಬಜ್ಜಿ ಮೆಣಸಿನಕಾಯಿಯನ್ನು ಒಮ್ಮೆ ಓರೆಗಣ್ಣಿನಿಂದ ನೋಡಿ ಬೆನ್ನು ತಿರುಗಿಸಿತು. ಇವಕ್ಕೆ ಬೇಕಾದ್ದು ನವಣೆ. ಸಕ್ಕರೆ ಕಾಯಿಲೆ ಅಂತ ನನಗೂ ಡಾಕ್ಟರು ಬರೆದುಕೊಟ್ಟದ್ದು ನವಣೆಯೇ. ಈಗ ಒಂದೇ ಡಬ್ಬಿಯಿಂದ ಮೂರು ಜೀವ ಹೊರೆಯುತ್ತಿವೆ. ವ್ಯತ್ಯಾಸ ಇಷ್ಟೇ: ನಾನು ಮುಖ ಸಿಂಡರಿಸಿ ನುಂಗುತ್ತೇನೆ, ಅವು ಒಂದೊಂದೇ ಕಾಳನ್ನು ನಾಲಗೆಯಲ್ಲಿ ಹೊರಳಿಸಿ, ಸಿಪ್ಪೆ ಸುಲಿದು, ತಟ್ಟೆಯ ಮೇಲೇ ಉಗಿಯುತ್ತವೆ. ಮೇಲಿನಿಂದ ನೋಡಿದರೆ ತಟ್ಟೆ ತುಂಬಿದಂತೆ ಕಾಣುತ್ತದೆ. ಉಫ್ ಅಂತ ಊದಿದರೆ ಬರೀ ಹೊಟ್ಟು. ಮೊದಲ ವಾರ ನಾವು ಮೋಸ ಹೋದೆವು, ಪಾಪ ಅವು ಕಿರುಚಿದವು.

ಮೊಟ್ಟೆ ಇಡಲೆಂದು ಪುಟ್ಟ ಮಡಕೆಯೊಂದನ್ನು ಕಟ್ಟಿದ್ದೆವು. ಎರಡೂ ಅಂಟಿಕೊಂಡೇ ಕೂರುತ್ತಿದ್ದವು, ಕೊಕ್ಕಿನಿಂದ ಕೊಕ್ಕಿಗೆ ತುತ್ತು ಕೊಡುತ್ತಿದ್ದವು. ಅಮ್ಮ ದಿನಾ ಮಡಕೆಗೆ ಇಣುಕಿದ್ದೇ ಬಂತು, ಮೂರು ತಿಂಗಳಾದರೂ ಏನಿಲ್ಲ. ಕೊನೆಗೆ ಹಕ್ಕಿ ಸಾಕಿ ಅನುಭವವಿದ್ದ ಪಕ್ಕದ ಬೀದಿಯವರೊಬ್ಬರು ಬಂದು ಕೊಕ್ಕಿನ ಬುಡಕ್ಕೆ ಬೆರಳು ತೋರಿಸಿದರು. ಮೂಗಿನ ಹೊಳ್ಳೆಗಳ ಸುತ್ತ ಮೇಣದಂಥ ಮೆತ್ತನೆ ತೇಪೆಯೊಂದಿದೆ. ಬಲಿತ ಗಂಡಿಗೆ ಅದು ಸಾಮಾನ್ಯವಾಗಿ ನೀಲಿ, ಹೆಣ್ಣಿಗೆ ಕಂದು. ನಮ್ಮವೆರಡಕ್ಕೂ ಅಚ್ಚ ನೀಲಿ! 'ಜೋಡಿ' ಎಂದು ಕೊಟ್ಟವನು ಎರಡು ಎಂಬರ್ಥದಲ್ಲಿ ಹೇಳಿರಬೇಕು. ಅಮ್ಮ ಮಡಕೆ ಬಿಚ್ಚಿ ಅದರಲ್ಲಿ ದೊಡ್ಡಪತ್ರೆ ನೆಟ್ಟರು.

ಒಂದು ಅಸಮಾಧಾನ ಅವರಿಗೆ ಉಳಿದೇ ಇದೆ. ಅವರ ತವರಿನಲ್ಲಿ ಗಿಣಿ ಸಾಕಿದ್ದರಂತೆ. ಈಗ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ನಮ್ಮ ಗಿಣಿಯನ್ನು ಪಂಜರದಲ್ಲಿಡುವುದು ಅಪರಾಧ. "ಊರಿನದಕ್ಕೆ ಸ್ವಾತಂತ್ರ್ಯ, ಪರದೇಶದ್ದಕ್ಕೆ ಜೈಲು" ಎನ್ನುತ್ತಾರೆ. ನನ್ನ ಬಳಿ ಉತ್ತರವಿಲ್ಲ.

ಸಂಜೆ ಸೀಬೆ ಮರಕ್ಕೆ ಗಿಣಿಗಳು ಕಿರುಚುತ್ತ ಬಂದಿಳಿದರೆ ಬಜ್ಜಿ, ಬೋಂಡ ತಟ್ಟನೆ ಚಿಲಿಪಿಲಿ ನಿಲ್ಲಿಸಿ ಕತ್ತು ನೀಳ ಮಾಡುತ್ತವೆ. ಅಮ್ಮ ಕಿಟಕಿಯ ಹಲಗೆಯ ಮೇಲೆ ಎರಡು ಹಸಿಮೆಣಸಿನಕಾಯಿ ಇಟ್ಟು, ಪಂಜರದತ್ತ ಬಗ್ಗಿ ಮೆಲ್ಲಗೆ ಕೇಳುತ್ತಾರೆ: "ನಿಮ್ಮ ಕಡೆಯವರೇನ್ರಪ್ಪಾ?"