ವಜ್ರ ಎಷ್ಟು ಕ್ಯಾರೆಟ್ಟು ಅಂತ ಕೇಳಿದಿರಲ್ಲ!

ಮುಂಬೈಯ ಮಾಟುಂಗಾದಲ್ಲಿ ನಿನ್ನೆ ಸಂಜೆ ನಮ್ಮವರದೇ ಒಂದು ಸನ್ಮಾನ. ಎರಡು ವಜ್ರಗಳ ನಡುವೆ ಚೂರನ್ನಿಟ್ಟು ಒತ್ತಿ, ಭೂಮಿಯೊಳಗಿನ ಒತ್ತಡವನ್ನು ಲ್ಯಾಬಿನಲ್ಲಿ ಹುಟ್ಟಿಸಿ, ಖನಿಜ ಹೇಗೆ ರೂಪ ಬದಲಿಸುತ್ತದೆ ಎಂದು ನೋಡುವುದರಲ್ಲೇ ಸರ್ವೀಸು ಮುಗಿಸಿದ ವಿಜ್ಞಾನಿ. ಪೇಟ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಸಾಂಗವಾಯಿತು. ಪರಿಚಯ ಭಾಷಣವೇ 25 ನಿಮಿಷ: ಎಷ್ಟು ಪೇಪರು, ಎಷ್ಟು ದೇಶ, ಯಾವ ಪ್ರಶಸ್ತಿ. ಅವರ ಪಾಲಿಗೆ ಉಳಿದದ್ದು ಹತ್ತು. ಆಮೇಲೆ ಸಭೆಯಿಂದ ಬಂದದ್ದು ಒಂದೇ ಪ್ರಶ್ನೆ: "ಸರ್, ಆ ವಜ್ರ ಎಷ್ಟು ಕ್ಯಾರೆಟ್ಟು?"

ಎಲ್ಲರೂ ನಕ್ಕರು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ.

ಸ್ವಾಮಿ, ವಜ್ರ ಅಲ್ಲಿ ಒತ್ತುವ ಕಲ್ಲು, ಅಷ್ಟೆ. ಕಸುಬು ಇರುವುದು ನಡುವೆ ಕೂರುವ ತೂತಿನ ತಗಡಿನಲ್ಲಿ, ಅಂದರೆ ಗ್ಯಾಸ್ಕೆಟ್ಟಿನಲ್ಲಿ. ಎದುರುಬದುರು ಕೂತ ಎರಡು ವಜ್ರಗಳ ತುದಿ 0.3 ಮಿಲಿಮೀಟರ್ ಅಗಲ. ಮೊದಲು ಅವೆರಡರ ಮುಖ ಸಮಾನಾಂತರ ಕೂರಬೇಕು. ಸೂಕ್ಷ್ಮದರ್ಶಕದಲ್ಲಿ ಕಾಣುವ ಕಾಮನಬಿಲ್ಲಿನ ಪಟ್ಟೆಗಳು ಒಂದೊಂದಾಗಿ ಮಾಯವಾಗುವವರೆಗೆ ಸ್ಕ್ರೂ ತಿರುಗಿಸುತ್ತಾ ಕೂರಬೇಕು. ಆಮೇಲೆ ಕಾಲು ಮಿಲಿಮೀಟರ್ ದಪ್ಪದ ಸ್ಟೀಲು ಅಥವಾ ರೀನಿಯಂ ಲೋಹದ ತಗಡನ್ನು ನಡುವೆ ಇಟ್ಟು, ಒತ್ತಿ, ಸುಮಾರು 40 ಮೈಕ್ರಾನಿಗೆ (ಸಾವಿರ ಮೈಕ್ರಾನು ಸೇರಿದರೆ ಒಂದು ಮಿಲಿಮೀಟರ್) ಇಳಿಸಬೇಕು. ಆ ಅಚ್ಚಿನ ನಟ್ಟನಡುವೆ ಸ್ಪಾರ್ಕ್ ಮೆಷಿನ್ನಿನಲ್ಲಿ 100ರಿಂದ 120 ಮೈಕ್ರಾನಿನ ತೂತು. ಇಪ್ಪತ್ತು ಮೈಕ್ರಾನು ಆಚೀಚೆಯಾದರೆ, ಒತ್ತಡ ಏರಿದಂತೆ ತೂತು ಒಂದೇ ಪಕ್ಕಕ್ಕೆ ಜಾರುತ್ತಾ ಅಂಚಿಗೆ ಬರುತ್ತದೆ. ತೂತು ಕಿರಿದಾಗುತ್ತಿದ್ದರೆ ಒಳ್ಳೆಯ ಲಕ್ಷಣ. ಅಗಲವಾಗತೊಡಗಿತೋ, ಕೈ ನಿಲ್ಲಿಸಿ. ಮುಂದೆ ವಜ್ರಕ್ಕೆ ವಜ್ರ ತಾಗುತ್ತದೆ, ಒಂದು ಸಣ್ಣ ಟಕ್ ಕೇಳಿಸುತ್ತದೆ, ಆರು ತಿಂಗಳ ಬಜೆಟ್ಟು ಪುಡಿ.

ಇದರ ಬಗ್ಗೆ ಒಂದು ಪ್ರಶ್ನೆ ಇಲ್ಲ.

ಆ ತೂತಿಗೆ ಸ್ಯಾಂಪಲ್ ಇಡುವುದು ಇನ್ನೊಂದು ತಪಸ್ಸು. ದಪ್ಪ ಹೆಚ್ಚಾದರೆ ಅದು ಎರಡು ವಜ್ರಗಳ ನಡುವೆ ಕಂಬದ ಹಾಗೆ ನಿಂತುಬಿಡುತ್ತದೆ. ಒತ್ತಡ ಅಳೆಯಲೆಂದು ಪಕ್ಕದಲ್ಲಿಟ್ಟ ಮಾಣಿಕ್ಯದ ಚೂರು ಒಂದು ಒತ್ತಡ ಹೇಳುತ್ತದೆ, ಸ್ಯಾಂಪಲ್ ಅನುಭವಿಸುವುದು ಬೇರೆಯೇ. ಒತ್ತಡ ಎಲ್ಲ ಕಡೆಯಿಂದ ಸಮನಾಗಿ ಬೀಳಲೆಂದು ಸುತ್ತ ತುಂಬುವ ದ್ರವ, ನಾಲ್ಕು ಪಾಲು ಮೆಥನಾಲ್‌ಗೆ ಒಂದು ಪಾಲು ಎಥನಾಲ್. ಹನಿ ಬಿಟ್ಟ ಮೇಲೆ ಮುಚ್ಚುವುದಕ್ಕೆ ಕೆಲವೇ ಸೆಕೆಂಡು, ತಡವಾದರೆ ಆರಿ ಗುಳ್ಳೆ ಕೂರುತ್ತದೆ. ಅದೂ ಕೆಲಸಕ್ಕೆ ಬರುವುದು ಸುಮಾರು 10 ಗಿಗಾಪಾಸ್ಕಲ್‌ವರೆಗೆ ಮಾತ್ರ (ಒಂದು ಗಿಗಾಪಾಸ್ಕಲ್ ಅಂದರೆ ಸುತ್ತಲಿನ ಗಾಳಿಯ ಒತ್ತಡದ ಸುಮಾರು ಹತ್ತು ಸಾವಿರ ಪಟ್ಟು). ಅಲ್ಲಿಂದಾಚೆ ಗಾಜಿನಂತೆ ಗಟ್ಟಿಯಾಗುತ್ತದೆ, ನಿಯಾನ್ ಅಥವಾ ಹೀಲಿಯಂ ತುಂಬಬೇಕು.

ಮಾಣಿಕ್ಯ ಹೊಳೆಯುವ ಕೆಂಪು ಗೆರೆ 694 ನ್ಯಾನೋಮೀಟರ್ ತರಂಗಾಂತರದ ಹತ್ತಿರ. ಪ್ರತಿ ಗಿಗಾಪಾಸ್ಕಲ್‌ಗೆ 0.365 ನ್ಯಾನೋಮೀಟರ್ ಸರಿಯುತ್ತದೆ. 1972ರಿಂದ ಇದೇ ನಮ್ಮ ತಕ್ಕಡಿ. ಆದರೆ ಅದು ಸೆಕೆಗೂ ಸರಿಯುತ್ತದೆ! ಮೇ ತಿಂಗಳಲ್ಲಿ ಏಸಿ ಕೈಕೊಟ್ಟು ಕೋಣೆ ಐದಾರು ಡಿಗ್ರಿ ಏರಿದರೆ ಸುಮಾರು 0.1 ಗಿಗಾಪಾಸ್ಕಲ್ ಲೆಕ್ಕ ತಪ್ಪು. ಜುಲೈ ಬಂದರೆ ಮುಂಬೈಯ ಗಾಳಿಯೇ ವೈರಿ. ದ್ರವದ ಬದಲು ಉಪ್ಪಿನ ಪುಡಿ ತುಂಬುವವರು ಅದನ್ನು ಒಲೆಯಲ್ಲಿ ಒಣಗಿಸದೆ ಹಾಕಿದರೆ, ಹೀರಿದ ನೀರು 2 ಗಿಗಾಪಾಸ್ಕಲ್ ದಾಟಿದ ಮೇಲೆ ಕೋಣೆಯ ಉಷ್ಣತೆಯಲ್ಲೇ ಏಳನೇ ಬಗೆಯ ಮಂಜುಗಡ್ಡೆಯಾಗುತ್ತದೆ. ಎಕ್ಸ್‌ರೇಯಲ್ಲಿ ಹೊಸ ಗೆರೆ! ಹೊಸ ಖನಿಜರೂಪ ಸಿಕ್ಕಿತೆಂದು ಕುಣಿಯಬೇಕು, ನೋಡಿದರೆ ಮಳೆಗಾಲ.

"ಜನಸಾಮಾನ್ಯರಿಗೆ ಇಷ್ಟೆಲ್ಲ ಅರ್ಥವಾಗಲ್ಲ ಮಾರಾಯ್ರೆ" ಅಂದರು ಪಕ್ಕದವರು. ಯಾಕಾಗಲ್ಲ? ಕುಕ್ಕರಿನ ಗ್ಯಾಸ್ಕೆಟ್ಟು ಸಡಿಲವಾದರೆ ಸೀಟಿ ಕೂಗಲ್ಲ ಅಂತ ಆ ಹಾಲಿನಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತು. ಕುಕ್ಕರಿನೊಳಗೆ ಒತ್ತಡ ಹೊರಗಿನದಕ್ಕಿಂತ ಒಂದು ಬಾರ್ ಹೆಚ್ಚು, ಅಂದರೆ ಹೆಚ್ಚುಕಡಿಮೆ ಗಾಳಿಯ ಒತ್ತಡದಷ್ಟೇ. ಇಲ್ಲಿ ಒಂದು ಗಿಗಾಪಾಸ್ಕಲ್ ಅಂದರೇ ಹತ್ತು ಸಾವಿರ ಬಾರ್. ಭೂಮಿಯ ಮಧ್ಯದಲ್ಲಿ 364 ಗಿಗಾಪಾಸ್ಕಲ್. ಇಷ್ಟು ಹೇಳಲು ಒಂದು ನಿಮಿಷ ಸಾಕಿತ್ತು, ಪರಿಚಯದಲ್ಲಿ ಎರಡು ದೇಶ ಬಿಟ್ಟಿದ್ದರೆ.

ಕೊರೆದು ನೋಡೋಣವೆಂದರೆ ನಮ್ಮ ಮಹಾರಾಷ್ಟ್ರದ ಕೊಯ್ನಾದಲ್ಲಿ ಇಳಿದದ್ದು 3 ಕಿಲೋಮೀಟರ್, ರಷ್ಯಾದ ಕೋಲಾದಲ್ಲಿ 12. ಭೂಮಿಯ ಕರಗಿದ ಲೋಹದ ಪದರ, ಹೊರಕೋರ್, ಶುರುವಾಗುವುದೇ 2,890 ಕಿಲೋಮೀಟರ್ ಕೆಳಗೆ. ಅಲ್ಲಿಗೆ ಹೋಗಿಬರುವುದು ಭೂಕಂಪದ ಅಲೆಗಳು ಮಾತ್ರ, ಅವು ತರುವ ಸುದ್ದಿಗೆ ಅರ್ಥ ಹಚ್ಚುವುದು ಈ ಕೂದಲೆಳೆಯಷ್ಟು ತೂತು. ಆ ಗಡಿಯ ಮೇಲಿನ ಪದರದಲ್ಲಿ ಖನಿಜ ಮತ್ತೊಂದು ರೂಪಕ್ಕೆ ಮಗುಚುತ್ತದೆ ಎಂದು 2004ರಲ್ಲಿ ಜಪಾನಿನವರು ತೋರಿಸಿದ್ದು ಇಂಥ ತೂತಿನಲ್ಲೇ.

ನಮ್ಮವರ ಕಥೆ ಬೇಕೇ? ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಅವರ ಬಳಿ ಪಳಗಿ ಅಮೆರಿಕದ ಬೆಲ್ ಲ್ಯಾಬ್ಸ್ ಸೇರಿದ ಎ. ಜಯರಾಮನ್. ಸಮೇರಿಯಂ ಸಲ್ಫೈಡಿನ ಕಪ್ಪು ಹರಳು ಬರೀ 0.65 ಗಿಗಾಪಾಸ್ಕಲ್‌ಗೆ ಲೋಹವಾಗಿ ಬಂಗಾರದ ಬಣ್ಣ ತಿರುಗುವುದನ್ನು 1970ರಲ್ಲಿ ತಂಡದೊಂದಿಗೆ ಪ್ರಕಟಿಸಿದರು. ಮೇಲ್ಮೈ ಉಜ್ಜಿದರೂ ಅದೇ ಬಣ್ಣ ಬರುತ್ತದೆ. ಪರಿಚಯ ಭಾಷಣದಲ್ಲಿ ಇಂಥದ್ದೊಂದು ಬಂದಿದ್ದರೆ ಆ ಮುಂದಿನ ಸಾಲಿನ ಮಕ್ಕಳು ಮೊಬೈಲ್ ಕೆಳಗಿಡುತ್ತಿದ್ದರು.

ಇನ್ನು ಕಮೆಂಟಿನಲ್ಲೂ ಅದನ್ನೇ ಕೇಳಬೇಡಿ. ಕಾಲು ಕ್ಯಾರೆಟ್ಟು, ಹೆಚ್ಚೆಂದರೆ ಅದಕ್ಕಿಂತ ಒಂಚೂರು ಜಾಸ್ತಿ. ಎಷ್ಟೋ ಸಲ ಒಡೆಯುವುದು ಒತ್ತುವಾಗ ಅಲ್ಲ, ಕೆಲಸವೆಲ್ಲ ಮುಗಿದು ಒತ್ತಡ ಇಳಿಸುವಾಗ. ಒಡೆದದ್ದಕ್ಕೆ ಝವೇರಿ ಬಜಾರಿನ ಒಡವೆ ಅಂಗಡಿಗಳಲ್ಲಿ ಎಕ್ಸ್‌ಚೇಂಜ್ ಇಲ್ಲ.