ಟೇಕಾಫ್‌ಗೆ ಮುಂಚೆಯೇ ಜಗಳ

ನಿನ್ನೆ ಕಂಪ್ಯೂಟರ್‌ನಲ್ಲಿ ವಿಮಾನ ಹಾರಿಸೋ ನಮ್ಮ ಗುಂಪಿಗೆ ಬಂದ ಹೊಸ ಹುಡುಗನೊಬ್ಬ ಕೇಳಿದ್ದಿಷ್ಟೇ: "ಯಾವ ಸಿಮ್ಯುಲೇಟರ್‌ನಿಂದ ಶುರು ಮಾಡಲಿ?" ಸಾಕಾಯ್ತು. ಎಕ್ಸ್-ಪ್ಲೇನ್ ಅನ್ನೋ ಸಿಮ್ಯುಲೇಟರ್‌ನ ಬಣ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಬಣವನ್ನು "ಮೋಡ ನೋಡೋಕೆ ಬಂದೋರು" ಅಂತು. ಮಧ್ಯೆ ಯುದ್ಧವಿಮಾನ ಹಾರಿಸೋ ಸಿಮ್ಯುಲೇಟರ್ ಡಿಸಿಎಸ್‌ನ ಭಕ್ತರೊಬ್ಬರು, ಸ್ವಿಚ್ ಒಂದೊಂದೇ ಒತ್ತಿ ಎಂಜಿನ್ ಚಾಲೂ ಮಾಡದವನು ಮನುಷ್ಯನೇ ಅಲ್ಲ ಅಂತ ತೀರ್ಪು ಕೊಟ್ಟರು. ಹುಡುಗ ನಾಪತ್ತೆ. ಎಲ್ಲೋ ಕಾರ್ ಗೇಮ್ ಆಡ್ತಿರಬೇಕು, ಪುಣ್ಯವಂತ.

ಅಲ್ಲಾ ಸ್ವಾಮಿ, ಇರೋದೇ ಹಿಡಿಯಷ್ಟು ಜನ. 2009ರಲ್ಲಿ ಮೈಕ್ರೋಸಾಫ್ಟ್ ತನ್ನ ಫ್ಲೈಟ್ ಸಿಮ್ಯುಲೇಟರ್ ಮಾಡ್ತಿದ್ದ ಏಸಸ್ ಸ್ಟುಡಿಯೋಗೆ ಬೀಗ ಜಡಿದದ್ದು ಮರೆತೇಹೋಯ್ತಾ? ಹೊಸ ಫ್ಲೈಟ್ ಸಿಮ್ಯುಲೇಟರ್‌ಗೆ 2020ರವರೆಗೆ ಬಾಯಿ ಬಿಟ್ಕೊಂಡು ಕಾದೆವಲ್ಲ! ಸಿಮ್ಯುಲೇಟರ್‌ಗೆ ಬೇರೆಯಾಗಿ ಮಾರೋ ಒಂದೇ ಒಂದು ವಿಮಾನಕ್ಕೆ ಇಷ್ಟು ದುಡ್ಡಾ ಅಂತ ಗೊಣಗ್ತಲೇ ಕೊಳ್ತೀರಿ. ಕೊಂಡು, ರೆಕ್ಕೆಯ ರಿವೆಟ್ ಎಣಿಸಿ, ಎರಡು ಕಮ್ಮಿ ಇದೆ ಅಂತ ಮಾಡಿದವನ ಜನ್ಮ ಜಾಲಾಡ್ತೀರಿ. ಅವನೂ ಅಂಗಡಿ ಮುಚ್ಚಿದ ಮೇಲೆ ಯಾರ ರಿವೆಟ್ ಎಣಿಸ್ತೀರಿ?