ಸೈಕಲ್ಲಿಗೊಂದು ಇಂಜಿನ್ನು

ನಮ್ಮ ಮನೆಗೂ ಹಾಲಿನ ಡೇರಿಗೂ ನಡುವೆ ಒಂದು ಅಪ್ಪು ಇದೆ. ಮಲೆನಾಡಿನಲ್ಲಿ ಏರನ್ನು ಅಪ್ಪು ಅಂತಲೂ ಇಳಿಜಾರನ್ನು ಡೌನು ಅಂತಲೂ ಕರೆದು ಬಹಳ ಕಾಲವಾಯಿತು. ಬೆಳಿಗ್ಗೆ ಕ್ಯಾನು ಕಟ್ಟಿಕೊಂಡು ಹೊರಟಾಗ ಅದು ಡೌನು, ಖಾಲಿ ಕ್ಯಾನು ತರುವಾಗ ಅಪ್ಪು. ಒಟ್ಟು 600 ಮೀಟರ್. ಸೈಕಲ್ಲು ಅಪ್ಪನ ಕಾಲದ್ದು. 28 ಇಂಚಿನ ಗಾಲಿ, ರಾಡ್ ಬ್ರೇಕು, ತೂಕ ಇಪ್ಪತ್ತು ಕಿಲೋ ಚಿಲ್ಲರೆ. ಇಳಿಯುವಾಗ ನಾನು ಅದರ ಮೇಲೆ, ಹತ್ತುವಾಗ ಅದು ನನ್ನ ಪಕ್ಕ. ಹೀಗೆ ವರ್ಷಗಟ್ಟಲೆ ಜೊತೆಯಾಗಿ ನಡೆದವರು ನಾವು.

ಐವತ್ತು ದಾಟಿದ ಮೇಲೆ ಒಂದು ದಿನ ಅಪ್ಪಿನ ಅರ್ಧದಲ್ಲಿ ನಿಂತು ಉಸಿರು ಬಿಡುತ್ತಾ ಇದ್ದಾಗ ಹೊಳೆಯಿತು. ಇದಕ್ಕೊಂದು ಇಂಜಿನ್ ಕೂರಿಸಿದರೆ ಹೇಗೆ?

ಯೋಚನೆಯನ್ನು ನನ್ನಲ್ಲೇ ಇಟ್ಟುಕೊಂಡಿದ್ದರೆ ಚೆನ್ನಾಗಿತ್ತು. ಬಾಯಿಬಿಟ್ಟೆ. ಹಲ್ಲುನೋವಿಗೆ ಔಷಧಿ ಗೊತ್ತಿಲ್ಲದವರು ಬೇಕಾದರೆ ಸಿಕ್ಕಾರು, ಇಂಜಿನ್ ವಿಷಯದಲ್ಲಿ ಅಭಿಪ್ರಾಯ ಇಲ್ಲದ ಗಂಡಸು ನಮ್ಮೂರಲ್ಲಿ ಇಲ್ಲ.

ಮೊದಲು ಬಂದದ್ದು ಭಾವ. ಗುಜರಿಯಲ್ಲಿ ಟಿವಿಎಸ್ ಫಿಫ್ಟಿ ಇಂಜಿನ್ ಸಿಗುತ್ತದೆ, ತಂದು ಕೂರಿಸು ಅಂದರು. ಟಿವಿಎಸ್ 50 ಬಂದದ್ದು 1980ರಲ್ಲಿ, ಹೊಸೂರಿನಿಂದ. ಹಾಲು, ಹುಲ್ಲು, ಗೊಬ್ಬರ, ಹೆಂಡತಿ ಮಕ್ಕಳು, ಅದು ಹೊರದ ಸಾಮಾನು ಯಾವುದಿದೆ ಹೇಳಿ. ಇಂಜಿನ್ ಬಗ್ಗೆ ನನಗೆ ಗೌರವವೇ. ಆದರೆ ಅದನ್ನು ಸೈಕಲ್ಲಿಗೆ ಕಟ್ಟಿದ ಮೇಲೆ ಉಳಿಯುವುದು ಸೈಕಲ್ಲಲ್ಲ, ನೋಂದಣಿ ಇಲ್ಲದ ಒಂದು ಮೊಪೆಡ್ಡು. ಪೆಡಲ್ ಇರುವ ಮೊಪೆಡ್ ಬೇಕಿದ್ದರೆ ಪುಣೆಯ ಕೈನೆಟಿಕ್‌ನವರು 1972ರಲ್ಲೇ ಲೂನಾ ಮಾಡಿದ್ದರಲ್ಲ.

ಲೂನಾ ಅಂದ ಕೂಡಲೇ ನೆನಪಾಗುವುದು ನಮ್ಮ ಪ್ರೈಮರಿ ಸ್ಕೂಲಿನ ಮೇಷ್ಟ್ರು. ಇದೇ ಅಪ್ಪಿನಲ್ಲಿ ಲೂನಾ ಮೇಲೆ ಬರುತ್ತಿದ್ದರು. ಮುಕ್ಕಾಲು ಭಾಗ ಹತ್ತುವಷ್ಟರಲ್ಲಿ ಇಂಜಿನ್ನಿನ ಸ್ವರ ಇಳಿಯುತ್ತಾ ಹೋಗಿ ಇನ್ನೇನು ಅಳುತ್ತದೆ ಅನ್ನುವಾಗ, ಮೇಷ್ಟ್ರು ಪಂಚೆ ಎತ್ತಿ ಕಟ್ಟಿ ಪೆಡಲ್ ತುಳಿಯಲು ಶುರು ಮಾಡುತ್ತಿದ್ದರು. ಹಿಂದೆ ನಾವು ಮಕ್ಕಳು ಕಿಸಿಕಿಸಿ ನಗುತ್ತಾ ನಡೆದು ಬರುತ್ತಿದ್ದೆವು. ಒಮ್ಮೊಮ್ಮೆ ಅವರಿಗಿಂತ ಮುಂದೆಯೂ ಹೋಗಿದ್ದಿದೆ. ಮಗ್ಗಿ ಒಪ್ಪಿಸುವಾಗ ಅದರ ಬಡ್ಡಿ ಸೇರಿಸಿ ವಸೂಲಿ ಆಗುತ್ತಿತ್ತು.

ಎರಡನೆಯವನು ಅಕ್ಕನ ಮಗ. ಅವನು ಮೊಬೈಲಿನಲ್ಲೇ ತೋರಿಸಿದ. ಚೀನಾದ ಕಿಟ್ಟು. ಟೂ ಸ್ಟ್ರೋಕ್ ಇಂಜಿನ್, ಟ್ಯಾಂಕು, ಚೈನು, ಎಲ್ಲ ಒಂದೇ ಪೆಟ್ಟಿಗೆಯಲ್ಲಿ. "80 ಸಿಸಿ ಮಾವ!" ಅಂದ. ಕೆಳಗೆ ಸಣ್ಣ ಅಕ್ಷರದಲ್ಲಿ ಬೋರು (ಸಿಲಿಂಡರಿನ ಒಳಗಿನ ಅಗಲ) 47 ಮಿಲಿಮೀಟರ್, ಸ್ಟ್ರೋಕು (ಪಿಸ್ಟನ್ ಓಡಾಡುವ ಉದ್ದ) 38 ಅಂತ ಬರೆದಿತ್ತು. ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಗುಣಿಸಿ ನೋಡಿದೆ. 66 ಸಿಸಿ ಬಂತು. ಮಿಕ್ಕ ಹದಿನಾಲ್ಕು ಬರೀ ಬಾಯಿಮಾತು. ಹಾಲಿಗೆ ನೀರು ಬೆರೆಸಿದರೆ ನಮ್ಮ ಡೇರಿಯಲ್ಲಿ ಲ್ಯಾಕ್ಟೋಮೀಟರ್ ಹಾಕಿ ಹಿಡಿಯುತ್ತಾರೆ. ಇಂಜಿನ್ನಿಗೆ ಅಂಥದ್ದೊಂದು ಇಲ್ಲ.

ಅದು ಹೋಗಲಿ ಎಂದರೆ ಇನ್ನೊಂದು ತೊಡಕು. ಆ ಕಿಟ್ಟಿನಲ್ಲಿ 44 ಹಲ್ಲಿನ ಚಕ್ರವೊಂದನ್ನು ಹಿಂದಿನ ಗಾಲಿಯ ಕಡ್ಡಿಗಳಿಗೇ ರಬ್ಬರ್ ಕೊಟ್ಟು 9 ಬೋಲ್ಟಿನಿಂದ ಬಿಗಿಯಬೇಕು. 36 ಕಡ್ಡಿಯ ಗಾಲಿಗೆ ಅದು ಸರಿಯಾಗಿ ಕೂರುತ್ತದೆ, ನಾಲ್ಕು ಕಡ್ಡಿಗೊಂದು ಬೋಲ್ಟು. ನಮ್ಮ ಹಳೇ ಸೈಕಲ್ಲುಗಳಲ್ಲಿ ಮುಂದೆ 32 ಕಡ್ಡಿ, ಹಿಂದೆ 40. ನಲವತ್ತನ್ನು ಒಂಬತ್ತರಿಂದ ಭಾಗಿಸಲು ಮೇಷ್ಟ್ರ ಕೈಯಲ್ಲೂ ಆಗುತ್ತಿರಲಿಲ್ಲ. ಹಾಲು ಹೊತ್ತೂ ಹೊತ್ತೂ ಬಾಳಿದ ಗಾಲಿಯ ಕಡ್ಡಿಗೆ ಈ ವಯಸ್ಸಿನಲ್ಲಿ ಅಡ್ಡಾದಿಡ್ಡಿ ಬೋಲ್ಟು ಬಿಗಿಯಲು ನನಗೂ ಮನಸ್ಸಾಗಲಿಲ್ಲ.

ಬೆಂಗಳೂರಿನಲ್ಲಿರುವ ಮಗಳದ್ದು ಒಂದೇ ಮಾತು. "ಅಪ್ಪಾ, ಬ್ಯಾಟರಿ ಮೋಟಾರ್ ಹಾಕಿಸು, ಸುಮ್ನೆ ಯಾಕೆ ಒದ್ದಾಡ್ತೀಯ." 250 ವ್ಯಾಟ್‌ಗಿಂತ ಕಡಿಮೆಯ ಮೋಟಾರು, ಗಂಟೆಗೆ 25 ಕಿಲೋಮೀಟರ್ ಒಳಗಿನ ವೇಗ ಇದ್ದರೆ ಲೈಸೆನ್ಸೂ ಬೇಡ, ನೋಂದಣಿಯೂ ಬೇಡ. ಸರಿ, ಅದನ್ನೂ ಲೆಕ್ಕ ಹಾಕೋಣ ಎಂದು ಗಾರೆ ಕೆಲಸದವರ ನೀರಿನ ಟ್ಯೂಬು ತಂದು ಅಪ್ಪನ್ನು ಅಳೆದೆ. ಹತ್ತು ಮೀಟರಿಗೆ ಒಂದು ಮೀಟರ್ ಏರುತ್ತದೆ. ನಾನು, ಸೈಕಲ್ಲು, ಖಾಲಿ ಕ್ಯಾನು, ಮೋಟಾರು ಎಲ್ಲ ಸೇರಿ ನೂರು ಕಿಲೋ ಎಂದಿಟ್ಟುಕೊಳ್ಳಿ. ಗಂಟೆಗೆ ಹತ್ತು ಕಿಲೋಮೀಟರ್ ವೇಗದಲ್ಲಿ ಹತ್ತಬೇಕಾದರೆ ಸುಮಾರು 275 ವ್ಯಾಟ್ ಬೇಕು. ಮೋಟಾರು ಒಂದರಿಂದಲೇ ಆಗುವುದಿಲ್ಲ. ನನ್ನಂಥವನು ಸಾಧಾರಣ ತುಳಿದರೆ 75 ವ್ಯಾಟ್ ಆದರೂ ಬರುತ್ತದೆ, ಎರಡೂ ಸೇರಿದರೆ ಆರಾಮಾಗಿ ಹತ್ತುತ್ತದೆ. ನಿಜ ಹೇಳಬೇಕೆಂದರೆ ಬುದ್ಧಿ ಇರುವವರು ಅದನ್ನೇ ಹಾಕಿಸುತ್ತಾರೆ. ಆದರೆ ತುಳಿಯಬಾರದು ಅಂತ ತಾನೇ ಇಷ್ಟೆಲ್ಲ ಶುರುವಾದದ್ದು? ಅಲ್ಲದೆ, ಸದ್ದೇ ಇಲ್ಲದ ಇಂಜಿನ್ನು ಉಪ್ಪಿಲ್ಲದ ಉಪ್ಪಿನಕಾಯಿಯ ಹಾಗೆ. ಇದನ್ನು ಮಗಳಿಗೆ ಹೇಳಲಿಲ್ಲ.

ಇಷ್ಟು ಹೊತ್ತಿಗೆ ಒಬ್ಬ ವಕೀಲ ಮಿತ್ರರಿಂದ ಒಂದು ವಿಷಯ ತಿಳಿಯಿತು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ, ನಾಲ್ಕಕ್ಕಿಂತ ಕಡಿಮೆ ಗಾಲಿ ಇದ್ದು ಇಂಜಿನ್ 25 ಸಿಸಿ ಮೀರದಿದ್ದರೆ ಅದು ಮೋಟಾರು ವಾಹನವೇ ಅಲ್ಲ. ಕಿವಿ ನಿಮಿರಿತು. 25 ಸಿಸಿ ಇಂಜಿನ್ ಎಲ್ಲೋ ನೋಡಿದ್ದೇನಲ್ಲ! ಎಲ್ಲಿ ಅಂದರೆ ನಮ್ಮ ಕೊಟ್ಟಿಗೆ ಗೋಡೆಯಲ್ಲಿ. ಅಡಿಕೆ ತೋಟದ ಹುಲ್ಲು ಹೊಡೆಯುವ ವೀಡ್ ಕಟರ್ ನೇತಾಡುತ್ತಿತ್ತು. ಹೋಂಡಾದ ಜಿಎಕ್ಸ್ 25. ಫೋರ್ ಸ್ಟ್ರೋಕು, ಪೆಟ್ರೋಲಿಗೆ ಟೂಟಿ ಆಯಿಲ್ ಬೆರೆಸುವ ರಗಳೆ ಇಲ್ಲ. ತೂಕ ಮೂರು ಕಿಲೋದ ಒಳಗೆ, ಶಕ್ತಿ ಒಂದು ಕುದುರೆಯದ್ದು. ಹೇಗೆ ಓರೆಯಾಗಿ ಹಿಡಿದರೂ ಓಡುತ್ತದೆ. ಮೇಲಾಗಿ ಕ್ಲಚ್ಚೂ ಇದೆ. ಜಾತ್ರೆಯ ತೊಟ್ಟಿಲು ಜೋರಾಗಿ ತಿರುಗಿದಾಗ ಸರಪಳಿಯೆಲ್ಲ ಹೊರಗೆ ಹಾರುತ್ತದಲ್ಲ, ಹಾಗೆ ಇಂಜಿನ್ ವೇಗವಾದಾಗ ಒಳಗಿನ ಎರಡು ಲಾಳ ಹೊರಗೆ ಹಾರಿ ಡ್ರಮ್ಮನ್ನು ಕಚ್ಚಿಕೊಳ್ಳುತ್ತವೆ. ನಿಧಾನವಾದರೆ ಬಿಟ್ಟುಬಿಡುತ್ತವೆ.

ಚಟ ಬಿಡಲಿಲ್ಲ, ಇದನ್ನೂ ಗುಣಿಸಿದೆ. ಬೋರು 35, ಸ್ಟ್ರೋಕು 26. ಉತ್ತರ 25.01 ಸಿಸಿ! ಕಾನೂನಿಗಿಂತ ಒಂದು ಹನಿಯ ಚೂರಿನಷ್ಟು ಜಾಸ್ತಿ. ಎರಡು ರಾತ್ರಿ ಅದೇ ಯೋಚನೆ. ವಕೀಲರು ನಕ್ಕು, ಕ್ಯಾಟಲಾಗಿನಲ್ಲಿ 25.0 ಅಂತಲೇ ಇದೆಯಲ್ಲ, ನೀವು ದಶಮಾಂಶ ಕಡಿಮೆ ಮಾಡಿಕೊಳ್ಳಿ ಎಂದರು.

ಆಮೇಲೆ ಓದುತ್ತಾ ಹೋದ ಹಾಗೆ ನನ್ನ ಧೈರ್ಯ ಬೆಳೆಯಿತು. ವೀಡ್ ಕಟರಿನ ಮೇಲೆ ಯಾರ ಹೆಸರಿದೆಯೋ ಆ ಸೊಯಿಚಿರೊ ಹೋಂಡಾ ಕೂಡ ಇಂಜಿನ್ ಆರಿಸಲಿಲ್ಲ, ಕೈಗೆ ಸಿಕ್ಕಿದ್ದನ್ನೇ ಕಟ್ಟಿದರು. ಯುದ್ಧ ಮುಗಿದ ಮಾರನೇ ವರ್ಷ, 1946. ಸೈನ್ಯದ ವೈರ್‌ಲೆಸ್ ಸೆಟ್ಟುಗಳಿಗೆ ಕರೆಂಟು ಕೊಡಲು ಮಾಡಿದ್ದ ಪುಟ್ಟ ಇಂಜಿನ್ನುಗಳು ಬೇಡವಾಗಿ ಬಿದ್ದಿದ್ದವು. ಒಂದನ್ನು ತಂದು ಹಮಾಮಾತ್ಸುವಿನಲ್ಲಿ ಸೈಕಲ್ಲಿಗೆ ಕೂರಿಸಿದರು. ಪೆಟ್ರೋಲ್ ಟ್ಯಾಂಕಿಗೆ ಏನು ಮಾಡಿದರು ಗೊತ್ತಾ? ಚಳಿಗೆ ಹಾಸಿಗೆಯಲ್ಲಿ ಇಟ್ಟುಕೊಳ್ಳುವ ಬಿಸಿನೀರಿನ ಡಬ್ಬಿ. ಓಡಿಸಿ ನೋಡಿದ್ದು ಅವರ ಹೆಂಡತಿ ಸಾಚಿ. ಹಳೇ ಇಂಜಿನ್ನುಗಳು ಖಾಲಿಯಾದ ಮೇಲೆ ಸ್ವಂತದ್ದು ಮಾಡಲು ಹೊರಟು, 1947ರಲ್ಲಿ ಎ ಟೈಪ್ ಅಂತ ತಂದರು. ಅದೇ ಕಾಲಕ್ಕೆ ಇಟಲಿಯ ಡುಕಾಟಿ 48 ಸಿಸಿಯ ಒಂದು ಸೈಕಲ್ ಇಂಜಿನ್ ಮಾಡುತ್ತಿತ್ತು. ಅದರ ಹೆಸರು ಕುಚ್ಚೊಲೊ, ಅಂದರೆ ನಾಯಿಮರಿ. ಸೈಲೆನ್ಸರಿನಿಂದ ಮರಿ ಬೊಗಳಿದ ಹಾಗೆ ಸದ್ದು ಬರುತ್ತಿತ್ತಂತೆ. ಈಗ ಡುಕಾಟಿ ಬೈಕಿನ ಬೆಲೆಗೆ ನಮ್ಮ ಕಡೆ ಒಂದು ತೋಟದ ಮಾತುಕತೆ ಮುಗಿಸಬಹುದು.

ನನಗೆ ಹಿಡಿಸಿದ್ದು ಮಾತ್ರ ಫ್ರಾನ್ಸಿನ ಸೋಲೆಕ್ಸ್. ಚೈನಿಲ್ಲ, ಬೆಲ್ಟಿಲ್ಲ. ಮುಂದಿನ ಗಾಲಿಯ ಮೇಲೆ ಇಂಜಿನ್, ಅದಕ್ಕೊಂದು ರೋಲರ್. ರೋಲರ್ ಟಯರಿಗೆ ಒತ್ತಿಕೊಂಡು ತಿರುಗಿದರೆ ಗಾಲಿ ತಿರುಗುತ್ತದೆ. ಬೇಡವಾದಾಗ ಕೋಲು ಎಳೆದು ಇಂಜಿನ್ ಎತ್ತಿದರೆ ಮತ್ತೆ ಬರೀ ಸೈಕಲ್ಲು. ಕಡ್ಡಿಗೆ ಬೋಲ್ಟಿಲ್ಲ, ಫ್ರೇಮಿಗೆ ತೂತಿಲ್ಲ. ಅದರಂತೆಯೇ ಹಿಂದಿನ ಕ್ಯಾರಿಯರಿಗೆ ಕೂರಿಸುವುದು ಎಂದು ತೀರ್ಮಾನಿಸಿ ಪೇಟೆಯ ಲೇತಿನಲ್ಲಿ 25 ಮಿಲಿಮೀಟರಿನ ರೋಲರ್ ಕಡೆಸಿದೆ.

ಮೆಕ್ಯಾನಿಕ್ ರೋಲರನ್ನು ತಿರುಗಿಸಿ ನೋಡಿ, "ಪುಲ್ಲಿಂಗ್ ಸಾಕಾಗಲ್ಲ" ಅಂದರು. ಇದು ವ್ಯಾಕರಣದ ಪುಲ್ಲಿಂಗ ಅಲ್ಲ, ಎಳೆಯುವ ತಾಕತ್ತು. ಒಂದು ಹಾರ್ಸ್ ಪವರ್ ಇದೆಯಲ್ಲ ಅಂದೆ. "ಪವರ್ ಇದೆ ಸಾರ್, ಪುಲ್ಲಿಂಗ್ ಇಲ್ಲ." ಮನೆಗೆ ಬಂದು ಲೆಕ್ಕ ಹಾಕಿದ ಮೇಲೆ ಅವರ ಮಾತು ಅರ್ಥವಾಯಿತು. ಆ ಒಂದು ಕುದುರೆ ಸಿಗುವುದು ನಿಮಿಷಕ್ಕೆ 7,000 ಸುತ್ತು ತಿರುಗಿದಾಗ. ಈ ರೋಲರಿನಲ್ಲಿ ಅಂದರೆ ಸೈಕಲ್ಲು ಗಂಟೆಗೆ 33 ಕಿಲೋಮೀಟರ್ ಓಡುತ್ತಿರಬೇಕು. ಅಪ್ಪಿನಲ್ಲಿ ನಮ್ಮನ್ನು ಹಿಂದಿನಿಂದ ಹತ್ತು ಕಿಲೋಗಿಂತ ಜಾಸ್ತಿ ಬಲದಲ್ಲಿ ತಳ್ಳಬೇಕು. ಈ ಇಂಜಿನ್ ರೋಲರಿನ ಮೂಲಕ ತಳ್ಳುವುದು ಹೆಚ್ಚೆಂದರೆ ಎಂಟು ಕಿಲೋ. ನಡುವೆ ಗೇರಿನ ಪೆಟ್ಟಿಗೆ ಹಾಕಿ ವೇಗ ಅರ್ಧ ಮಾಡಿದರೆ ಬಲ ಎರಡರಷ್ಟಾಗುತ್ತದೆ, ಅವಸರವಿಲ್ಲದೆ ಹತ್ತಬಹುದು. ಮೂರು ವರ್ಷ ನಾನು ಸಿಸಿ ಎಣಿಸುತ್ತಾ ಕೂತಿದ್ದೆ. ಕೇಳಬೇಕಾಗಿದ್ದದ್ದು ಗೇರಿನ ಹಲ್ಲು.

ಆದರೂ ರೋಲರಿಗೆ ದುಡ್ಡು ಕೊಟ್ಟಾಗಿತ್ತಲ್ಲ. ಒಂದು ಸಂಜೆ, ಹೆಂಡತಿ ಸಂಘದ ಮೀಟಿಂಗಿಗೆ ಹೋಗಿದ್ದಾಗ, ವೀಡ್ ಕಟರಿನ ತಲೆ ಬಿಚ್ಚಿ ಕ್ಯಾರಿಯರಿಗೆ ಕಟ್ಟಿದೆ. ಡೌನಿನಲ್ಲಿ ಸುಮ್ಮನೆ ಇಳಿದೆ. ರಾಡ್ ಬ್ರೇಕು ಹಿಡಿಯಿತು ಎಂಬುದೇ ಆ ದಿನದ ದೊಡ್ಡ ಸಮಾಧಾನ. ಡೇರಿಯ ಹತ್ತಿರ ತಿರುಗಿಸಿ, ಇಂಜಿನ್ ಚಾಲೂ ಮಾಡಿ, ಕೋಲು ಒತ್ತಿದೆ.

ಸಮನೆಲದಲ್ಲಿ ಹೋಯಿತು ನೋಡಿ! ತೋಟದಲ್ಲಿ ಕೇಳಿ ಕೇಳಿ ಬೇಜಾರಾಗಿದ್ದ ಸದ್ದು ಈಗ ಬೆನ್ನ ಹಿಂದಿನಿಂದ ಕುದುರೆ ಕೆನೆದ ಹಾಗೆ ಕೇಳಿಸಿತು. ಅಪ್ಪು ಬಂತು. ಸ್ವಲ್ಪ ದೂರ ಅದೇ ಭರದಲ್ಲಿ ಹತ್ತಿತು. ಆಮೇಲೆ ಸ್ವರ ಇಳಿಯತೊಡಗಿತು. ವೇಗ ಇನ್ನೂ ಕಡಿಮೆಯಾದರೆ ಕ್ಲಚ್ಚು ಬಿಟ್ಟುಬಿಡುತ್ತದೆ, ಬಿಟ್ಟರೆ ಮುಗಿಯಿತು. ಬೇರೆ ದಾರಿ ಇಲ್ಲದೆ ಪಂಚೆ ಎತ್ತಿ ಕಟ್ಟಿ ತುಳಿದೆ. ಗಂಟೆಗೆ ಇಪ್ಪತ್ತು ಕಿಲೋಮೀಟರಿನ ಮೇಲೆಯೇ ಇರಬೇಕು, ಹಾಗಾಗಿ ಜೀವ ಬಿಟ್ಟು ತುಳಿದೆ. ಅಷ್ಟು ವರ್ಷ ತಳ್ಳಿಕೊಂಡು ಬಂದರೂ ಬಾರದ ಏದುಸಿರು ಇಂಜಿನ್ ಹಾಕಿದ ಮೇಲೆ ಬಂತು. ತಿರುವಿನಲ್ಲಿ ನಾಲ್ಕು ಮಕ್ಕಳು ಬ್ಯಾಗು ಹೊತ್ತು ನಿಂತಿದ್ದವು. ಕಿಸಿಕಿಸಿ ಕೇಳಿಸಿತು. ಮೇಷ್ಟ್ರೇ, ಕ್ಷಮಿಸಿ.

ಮನೆ ಮುಟ್ಟಿ ಎಲ್ಲ ಬಿಚ್ಚಿ ಕೊಟ್ಟಿಗೆಗೆ ನೇತುಹಾಕಿ, ಏನೂ ಆಗದವನ ಹಾಗೆ ಜಗಲಿಯಲ್ಲಿ ಕೂತು ಬೆವರು ಒರೆಸಿಕೊಳ್ಳುತ್ತಿದ್ದೆ. ಪಕ್ಕದ ತೋಟದವರು ಬೇಲಿ ಹತ್ತಿರ ಬಂದರು.

"ಎಲ್ಲಿ ಹುಲ್ಲು ಹೊಡೆಸ್ತಾ ಇದ್ರಿ? ಅಪ್ಪಿನ ಕಡೆಯಿಂದ ಸದ್ದು ಬರ್ತಿತ್ತು. ಆಳು ಭಾರೀ ಚುರುಕಿದ್ದಾನೆ, ಒಂದು ನಿಮಿಷ ನಿಲ್ಲಿಸಲಿಲ್ಲ. ನಾಳೆ ನಮ್ಮಲ್ಲಿಗೂ ಕಳಿಸಿ ಮಾರಾಯ್ರೆ."